951 ದಿನ ಆದಮೇಲೆ ಕಂಠೀರವದಲ್ಲಿ

ಕರಪತ್ರದಲ್ಲಿ ನನ್ನ ಭಾಷಣದ ವಿಷಯ 'ಕ್ರೀಡೆ ಮತ್ತು ಸಮಾಜ' ಅಂತ ಅಚ್ಚಾಗಿದೆ. ಅಷ್ಟು ದೊಡ್ಡದು ನನ್ನ ಕೈಲಿ ಆಗುವುದಿಲ್ಲ. ನಾನು ಲೆಕ್ಕಪತ್ರ ನೋಡುವ ಕೆಲಸದವಳು. ಚೆಂಡು ಒದ್ದವಳೂ ಅಲ್ಲ. ಸುಮ್ನೆ ವರ್ಷಗಟ್ಟಲೆ ಫುಟ್‌ಬಾಲ್ ನೋಡೋಕೆ ಹೋಗಿ ಹೋಗಿ ಅದೊಂದು ಚಟ ಆಗಿದೆ. ಹಾಗಾಗಿ ಇವತ್ತು ಒಂದೇ ಒಂದು ಸಂಜೆಯ ಕತೆ ಹೇಳುತ್ತೇನೆ, ನಡುವೆ ಆಚೀಚೆ ಹೋದರೆ ಬೇಜಾರು ಮಾಡಿಕೊಳ್ಳಬೇಡಿ.

2022ರ ಅಕ್ಟೋಬರ್ 8, ಶನಿವಾರ. ನಮ್ಮೂರಿನ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿಗೆ ಆ ವರ್ಷದ ಐಎಸ್‌ಎಲ್‌ನ, ಅಂದರೆ ಇಂಡಿಯನ್ ಸೂಪರ್ ಲೀಗ್‌ನ, ಮೊದಲ ಪಂದ್ಯ, ಎದುರಾಳಿ ನಾರ್ತ್‌ಈಸ್ಟ್ ಯುನೈಟೆಡ್. ಜಾಗ, ಕಂಠೀರವ ಕ್ರೀಡಾಂಗಣ. ಹಿಂದಿನ ಸಲ ನಾನು ಅಲ್ಲಿ ಕೂತು ನಮ್ಮ ತಂಡದ ಆಟ ನೋಡಿದ್ದು 2020ರ ಮಾರ್ಚ್ 1ರಂದು. ನಡುವೆ ಎಷ್ಟು ದಿನ ಆಯಿತು ಅಂತ ಲೆಕ್ಕ ಹಾಕಿದೆ. ನಮ್ಮ ಕೆಲಸವೇ ಅದಲ್ವಾ? 951 ದಿನ.

ಆ ಮಾರ್ಚ್ 1ರದ್ದು ಎರಡು ಪಂದ್ಯಗಳ ಸೆಮಿಫೈನಲ್‌ನಲ್ಲಿ ಮೊದಲನೆಯದು. ಕೋಲ್ಕತ್ತಾದ ಎಟಿಕೆ ತಂಡದ ಮೇಲೆ 1-0 ಗೆದ್ದಿದ್ದೆವು, ಗೋಲ್ ಹೊಡೆದಿದ್ದು ಡೆಶಾರ್ನ್ ಬ್ರೌನ್. ಎದ್ದು ಹೋಗುವಾಗ ಯಾರೂ ಹಿಂದೆ ತಿರುಗಿ ನೋಡಲಿಲ್ಲ. ಯಾಕೆ ನೋಡಬೇಕು? ಮುಂದಿನ ವರ್ಷ ಮತ್ತೆ ಬರುವವರೇ ತಾನೇ ಎಲ್ಲರೂ. ಒಂದು ವಾರ ಬಿಟ್ಟು ಕೋಲ್ಕತ್ತಾದಲ್ಲಿ 3-1 ಸೋತು ಹೊರಬಿದ್ದೆವು. ಇನ್ನೊಂದು ವಾರಕ್ಕೆ ಗೋವಾದಲ್ಲಿ ಫೈನಲ್ ಪಂದ್ಯ ಒಬ್ಬ ಪ್ರೇಕ್ಷಕನೂ ಇಲ್ಲದೆ ನಡೆಯಿತು. ಆಮೇಲೆ ಏನಾಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಆಮೇಲಿನ ಎರಡು ವರ್ಷ ಲೀಗ್ ಪೂರ್ತಿ ಗೋವಾದಲ್ಲೇ ನಡೆಯಿತು. ಫತೋರ್ಡಾ, ಬಾಂಬೋಲಿಂ, ವಾಸ್ಕೋದ ತಿಲಕ್ ಮೈದಾನ, ಮೂರೇ ಮೈದಾನ. ಆಟಗಾರರು ಹೋಟೆಲಿನಿಂದ ಮೈದಾನಕ್ಕೆ, ಮೈದಾನದಿಂದ ಹೋಟೆಲಿಗೆ. ನಾವು ಮನೆಯಲ್ಲಿ ಟಿವಿ ಮುಂದೆ. ಪಟ್ಟಿಯಲ್ಲಿ 'ತವರಿನ ಪಂದ್ಯ' ಅಂತ ಬರೆದಿರುತ್ತಿತ್ತು, ನಗು ಬರುತ್ತಿತ್ತು. ಬೆಂಗಳೂರಿನ ತವರು ಗೋವಾದಲ್ಲಿ!

ಆ ಟಿವಿ ಆಟದ ಬಗ್ಗೆ ಒಂದು ಮಾತು ಹೇಳಲೇಬೇಕು. ಖಾಲಿ ಕುರ್ಚಿಗಳ ಮೇಲೆ ಜನರ ಗದ್ದಲ ರೆಕಾರ್ಡ್ ಮಾಡಿದ್ದನ್ನ ಹಾಕುತ್ತಿದ್ದರು. ಅದು ಕೇಳೋಕೆ ಫ್ರಿಜ್ ಓಡಿದ ಹಾಗೆ ಇತ್ತು. ನಾನು ಸದ್ದು ಕಮ್ಮಿ ಮಾಡಿ ನೋಡುತ್ತಿದ್ದೆ. ಒಂದೊಂದು ಸಲ ಆ ಗದ್ದಲದ ಸಂದಿಯಿಂದ ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಗೋಲ್ ಮುಂದೆ ನಿಂತು ಕೂಗೋದು ಕೇಳಿಸುತ್ತಿತ್ತು, ಹಿಂದೆ ಬಾ, ಬಿಟ್ಟುಬಿಡು, ಆ ಥರ. ಅಷ್ಟು ವರ್ಷ ಕಂಠೀರವದಲ್ಲಿ ಕೂತಿದ್ದರೂ ಅವರ ದನಿ ನಾನು ಕೇಳಿರಲಿಲ್ಲ. ನಮ್ಮ ಗಲಾಟೆಯಲ್ಲಿ ಎಲ್ಲಿ ಕೇಳಬೇಕು.

ಜರ್ಮನಿಯಲ್ಲಿ 2020ರ ಮೇ ತಿಂಗಳಲ್ಲಿ ಲೀಗ್ ಮತ್ತೆ ಶುರುವಾದಾಗ ಅಲ್ಲಿನವರು ಒಂದು ವಿಷಯ ಗಮನಿಸಿದರು. ಖಾಲಿ ಮೈದಾನದಲ್ಲಿ ತವರಿನ ತಂಡ ಗೆಲ್ಲೋದು ಕಮ್ಮಿ ಆಯಿತು. ಅದೇ ಹುಲ್ಲು, ಅದೇ ಚೆಂಡು, ಅವರವರದೇ ಊರು. ಜನ ಮಾತ್ರ ಇಲ್ಲ. ಫುಟ್‌ಬಾಲ್ ಪ್ರೇಕ್ಷಕರು ಅಂದರೆ ಸಿನಿಮಾ ಪ್ರೇಕ್ಷಕರ ಥರ ಅಲ್ಲ, ನೋಡಿ. ಥಿಯೇಟರಿನಲ್ಲಿ ನೀವು ಎಷ್ಟೇ ಕಿರುಚಿದರೂ ಹೀರೋ ಒಂದು ಏಟು ಜಾಸ್ತಿ ಹೊಡೆಯುವುದಿಲ್ಲ. ಇಲ್ಲಿ ಹೊಡೆಯುತ್ತಾನೆ. ನಾವು ಕೂಗುವುದು ಆಟದ ಒಂದು ಭಾಗ. ನನಗೆ ಅದು ಅರ್ಥ ಆಗಿದ್ದು ಅದು ಇಲ್ಲದೇ ಹೋದಾಗ.

ನಮ್ಮ ತಂಡದ ಸುನಿಲ್ ಛೆಟ್ರಿ 2018ರಲ್ಲಿ ಒಂದು ವಿಡಿಯೋ ಮಾಡಿದ್ದರು, ನೆನಪಿದೆಯಾ? ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನ 5-0 ಸೋಲಿಸಿತ್ತು, ಛೆಟ್ರಿ ಮೂರು ಗೋಲ್ ಹೊಡೆದಿದ್ದರು, ನೋಡೋಕೆ ಬಂದಿದ್ದವರು ಮೂರು ಸಾವಿರವೂ ಇಲ್ಲ. ಆಮೇಲೆ ಅವರು ಫೋನಿನ ಮುಂದೆ ನಿಂತು ಬೇಡಿಕೊಂಡರು. ನಮ್ಮನ್ನ ಬೈಯಿರಿ, ಟೀಕೆ ಮಾಡಿ, ಆದರೆ ಮೈದಾನಕ್ಕೆ ಬನ್ನಿ ಅಂತ. ಕೀನ್ಯಾ ವಿರುದ್ಧದ ಮುಂದಿನ ಪಂದ್ಯಕ್ಕೆ ಟಿಕೆಟ್ ಪೂರ್ತಿ ಖಾಲಿ. ದೇಶದ ತಂಡದ ನಾಯಕ ಕೈಮುಗಿದು ಬೈಸಿಕೊಳ್ಳೋಕೆ ಕರೆಯುತ್ತಾನೆ ಅಂದರೆ, ಆ ಬೈಗುಳಕ್ಕೂ ಎಷ್ಟು ಬೆಲೆ ಇರಬೇಕು ಹೇಳಿ.

ಸರಿ, ಆ ಶನಿವಾರಕ್ಕೆ ಬರುತ್ತೇನೆ. ಮಗಳನ್ನೂ ಕರೆದುಕೊಂಡು ಹೊರಟೆ. ಅವಳಿಗೆಂದು 2020ರ ಶುರುವಿನಲ್ಲಿ ನೀಲಿ ಜೆರ್ಸಿ ತಂದಿದ್ದೆ. ಬೆಳೆಯೋ ಮಗು, ಒಂದೆರಡು ವರ್ಷ ದೊಡ್ಡದೇ ಇರಲಿ ಅಂತ ನಮ್ಮಮ್ಮ ಹೇಳಿದ್ದರಿಂದ ಮಂಡಿವರೆಗೂ ಬರುವಂಥದ್ದು ತಗೊಂಡಿದ್ದೆ. ಇನ್ನೇನು ಹಾಕಬೇಕು ಅನ್ನುವಷ್ಟರಲ್ಲಿ ಎಲ್ಲಾ ಮುಚ್ಚಿತು. ಬಟ್ಟೆ ಬೀರುವಿನಲ್ಲಿ ನುಸಿಗುಳಿಗೆ ಜೊತೆ ಮಲಗಿತು. ಅವತ್ತು ತೆಗೆದು ಹಾಕಿದರೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಒಂದು ಸಲವೂ ನೀರು ಕಾಣದ ಬಟ್ಟೆ, ಮಡಿಕೆ ಗೆರೆ ಎದೆ ಮೇಲೆ ಅಡ್ಡಡ್ಡ ಹಾಗೇ ನಿಂತಿತ್ತು. ಇಸ್ತ್ರಿ ಮಾಡೋಕೆ ಅವಳು ಬಿಡಲಿಲ್ಲ, ತಡ ಆಗುತ್ತೆ ಅಂತ.

ವಿಜಯನಗರದಿಂದ ಮೆಟ್ರೋ, ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಕಸ್ತೂರ್‌ಬಾ ರಸ್ತೆ ಹಿಡಿದು ನಡಿಗೆ. ಮುಂಚೆ ಒಂದು ಸಲ ಆಟೋದಲ್ಲಿ ಹೋಗಿದ್ದಾಗ ಡ್ರೈವರ್ ಕೇಳಿದ್ದ, 'ಏನ್ ಮೇಡಂ, ಮ್ಯಾಚಾ? ಚಿನ್ನಸ್ವಾಮಿ ಆ ಕಡೆ ಅಲ್ವಾ?' ಫುಟ್‌ಬಾಲ್ ಅಂದೆ. ಕನ್ನಡಿಯಲ್ಲಿ ನನ್ನನ್ನೇ ನೋಡಿದ. 'ಅದಕ್ಕೂ ಜನ ಬರ್ತಾರಾ?' ಅಂದ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಯಾಕಂದರೆ ಆ ಪ್ರಶ್ನೆ ನನಗೆ ಬಹಳ ದಿನ ಚುಚ್ಚಿತ್ತು. ಬೆಂಗಳೂರಿನಲ್ಲಿ ಫುಟ್‌ಬಾಲ್ ನಿನ್ನೆ ಮೊನ್ನೆ ಬಂದಿದ್ದಲ್ಲ. ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಬ್ರಿಟಿಷ್ ಸಿಪಾಯಿಗಳು ಆಡುತ್ತಿದ್ದುದನ್ನ ಸುತ್ತಲಿನ ಬೀದಿಯ ಹುಡುಗರು ಕಲಿತರು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೇ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2-1 ಸೋತಿತಲ್ಲ, ಅವತ್ತು ನಮ್ಮ ಕಡೆಯ ಆ ಒಂದು ಗೋಲ್ ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ನಮ್ಮೂರಿನ ಅಹ್ಮದ್ ಖಾನ್ ಕೂಡ ಇದ್ದರು, ಆಮೇಲೆ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ತಂಡಕ್ಕೆ ಹೋಗಿ ಅಲ್ಲಿನ 'ಪಂಚಪಾಂಡವ'ರಲ್ಲಿ ಒಬ್ಬರಾದವರು. ಆ ತಂಡದ ಹೆಚ್ಚಿನವರಿಗೆ ಬೂಟೂ ಇಲ್ಲ, ಬರಿಗಾಲು. ಹಲಸೂರಿನ ಪಕ್ಕದ ಗೌತಮಪುರಕ್ಕೆ ಹೋಗಿ ನೋಡಿ, ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಜೊತೆಗೆ ಪೆಲೆಯ ಪ್ರತಿಮೆ ನಿಲ್ಲಿಸಿದ್ದಾರೆ. ಬ್ರೆಜಿಲಿನ ಪೆಲೆ! ಆದರೆ ಪೇಟೆ ಕಡೆಯವರಾದ ನಮಗೆ ಇದ್ಯಾವುದೂ ಗೊತ್ತಿಲ್ಲ. ದಂಡಿನಲ್ಲಿ ತಮಿಳು, ಉರ್ದು, ಇಂಗ್ಲಿಷು. ಅಲ್ಲಿನ ಆಟ ನಮ್ಮ ಮನೆಯ ಕನ್ನಡ ಪೇಪರಿನೊಳಕ್ಕೆ ಜಾಸ್ತಿ ಬರಲೇ ಇಲ್ಲ. ಕ್ರಿಕೆಟ್ ಬಂತು. ನಾನು ಮೊದಲ ಸಲ ಫುಟ್‌ಬಾಲ್ ನೋಡಿದ್ದೇ 2013ರಲ್ಲಿ, ಬೆಂಗಳೂರು ಎಫ್‌ಸಿ ಹುಟ್ಟಿದ ವರ್ಷ, ಅಶೋಕನಗರದ ಹಳೇ ಮೈದಾನದಲ್ಲಿ. ತಮ್ಮ ಎಳೆದುಕೊಂಡು ಹೋಗಿದ್ದ. ಮೊದಲ ವರ್ಷವೇ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದುಬಿಟ್ಟರು. ತಮ್ಮ ಈಗ ಹೋಗೋದು ಬಿಟ್ಟಿದ್ದಾನೆ, ನಾನು ಸಿಕ್ಕಿಹಾಕಿಕೊಂಡೆ.

ಅಶೋಕನಗರದ ಮೈದಾನ ಪುಟ್ಟದು, ಆಟಗಾರರ ಏದುಸಿರು ಕೇಳುವಷ್ಟು ಹತ್ತಿರ. ಕಂಠೀರವ ಹಾಗಲ್ಲ. ಅದು ಓಟಗಾರರಿಗೂ ಸೇರಿದ್ದು. ಆಟದ ಹುಲ್ಲಿಗೂ ನಮಗೂ ನಡುವೆ ಓಟದ ಟ್ರ್ಯಾಕ್ ಇದೆ. ಆಚೆ ಬದಿಯ ಗೋಲ್‌ನಲ್ಲಿ ಏನಾಯಿತು ಅಂತ ನಿಜ ಹೇಳಬೇಕಂದರೆ ಸರಿಯಾಗಿ ಕಾಣುವುದಿಲ್ಲ. ಬಲೆ ಅಲುಗಿತೋ ಇಲ್ಲವೋ ಅನ್ನೋದು ಆ ಬದಿಯ ಜನ ಎದ್ದು ನಿಂತಾಗ ಗೊತ್ತಾಗೋದು. ಆಟ ಚೆನ್ನಾಗಿ ಕಾಣಬೇಕಂದರೆ ಟಿವಿಯೇ ವಾಸಿ, ಅದರಲ್ಲಿ ಅನುಮಾನ ಬೇಡ.

ಹಾಗಾದರೆ ಯಾಕೆ ಹೋಗೋದು?

ಆ ಹೆಸರನ್ನೇ ನೋಡಿ. ಕಂಠೀರವ ಅಂದರೆ ಸಿಂಹ ಅಂತ ಎಲ್ಲರಿಗೂ ಗೊತ್ತು. ಬಿಡಿಸಿದರೆ ಕಂಠದ ರವ, ಗಂಟಲಿನ ಸದ್ದು. ಗಂಟಲಿಂದ ಗರ್ಜಿಸುತ್ತದೆ ಅಂತ ಸಿಂಹಕ್ಕೆ ಆ ಹೆಸರು. ಇಷ್ಟು ವರ್ಷ ಬಾಯಲ್ಲಿ ಆಡುತ್ತಿದ್ದ ಪದ, 2021ರಲ್ಲಿ ಒಂದು ದಿನ ಮೆಟ್ರೋದ ಬೋರ್ಡು ಓದುವಾಗ ತಟ್ಟನೆ ಹೊಳೆಯಿತು. ಗಂಟಲಿನ ಹೆಸರಿಟ್ಟುಕೊಂಡ ಜಾಗದಲ್ಲಿ ಆಗ ಗಂಟಲೇ ಇರಲಿಲ್ಲ.

ಅಲ್ಲಿನ ಸದ್ದು ಎಂಥದ್ದು ಅಂತ ಹೇಳೋಕೆ ನಾನು ಯಾವಾಗಲೂ 2016ರ ಅಕ್ಟೋಬರ್ 19ನೇ ತಾರೀಕು ನೆನೆಸಿಕೊಳ್ಳುತ್ತೇನೆ. ಏಷ್ಯಾದ ಕ್ಲಬ್ಬುಗಳು ಆಡುತ್ತಿದ್ದ ಎಎಫ್‌ಸಿ ಕಪ್‌ನ ಸೆಮಿಫೈನಲ್, ಮಲೇಷ್ಯಾದ ಜೋಹರ್ ತಂಡ. ಅವರೇ ಮೊದಲು ಗೋಲ್ ಹೊಡೆದರು. ಮೈದಾನ ಪೂರ್ತಿ ಸ್ತಬ್ಧ. ಆಮೇಲೆ ಛೆಟ್ರಿ ಒಂದು, ಮತ್ತೆ ಛೆಟ್ರಿ, ಆಮೇಲೆ ಹುವಾನನ್. 3-1. ಭಾರತದ ಕ್ಲಬ್ಬೊಂದು ಆ ಕಪ್ಪಿನ ಫೈನಲ್‌ಗೆ ಹೋಗಿದ್ದು ಅದೇ ಮೊದಲು. ನನ್ನ ಗಂಟಲು ಮೂರು ದಿನ ಬಿದ್ದುಹೋಗಿತ್ತು. ಆಫೀಸಿನಲ್ಲಿ ಚೀಟಿ ಬರೆದು ತೋರಿಸುತ್ತಿದ್ದೆ. ಫೈನಲ್ ದೋಹಾದಲ್ಲಿ ಇರಾಕಿನ ತಂಡದ ಮೇಲೆ ಸೋತೆವು, ಅದು ಬೇರೆ ವಿಷಯ.

ಈಗ ಗೇಟಿಗೆ ಬನ್ನಿ. ಫುಟ್‌ಬಾಲ್ ನೋಡೋಕೆ ಹೋಗಿ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಜೇಬಲ್ಲಿ ಚಿಲ್ಲರೆ ಇಟ್ಟುಕೊಂಡು ಹೋಗಬೇಡಿ. ನಾಣ್ಯ ಒಳಗೆ ಬಿಡುವುದಿಲ್ಲ, ಮೈದಾನಕ್ಕೆ ಎಸೆಯಬಹುದು ಅಂತ. ನೀರಿನ ಬಾಟಲಿ, ಹೊರಗಿನ ತಿಂಡಿ, ಇವೂ ಇಲ್ಲ. ನನಗೆ ಇದೆಲ್ಲಾ ಬಾಯಿಪಾಠ, ಆದರೆ 951 ದಿನದಲ್ಲಿ ಮರೆತುಬಿಟ್ಟಿದ್ದೆ. ಮಗಳು ಪಾಪ್‌ಕಾರ್ನ್‌ಗೆ ಅಂತ ಡಬ್ಬಿ ಒಡೆದು ಐದು ರೂಪಾಯಿ ನಾಣ್ಯ ಒಂಬತ್ತು ತಂದಿದ್ದಳು. ಗೇಟಿನ ಹತ್ತಿರ ಒಂದು ರಟ್ಟಿನ ಪೆಟ್ಟಿಗೆ, ಅದರ ತಳದಲ್ಲಿ ಎಲ್ಲರ ಚಿಲ್ಲರೆ. ಅವಳು ಒಂದೊಂದಾಗಿ ಹಾಕಿದಳು, ದೇವಸ್ಥಾನದ ಹುಂಡಿಗೆ ಹಾಕುವ ಹಾಗೆ, ಪ್ರತಿ ಸಲ ನನ್ನ ಮುಖ ನೋಡಿ. ಹಿಂದಿದ್ದ ಹುಡುಗರು ಪಾಪ ತಾಳ್ಮೆಯಿಂದ ಕಾದರು. ಒಂಬತ್ತನೆಯದನ್ನ ಅವಳು ಹಾಕಲೇ ಇಲ್ಲ, ಮುಷ್ಟಿಯಲ್ಲೇ ಇಟ್ಟುಕೊಂಡಿದ್ದಳು ಅಂತ ನನಗೆ ಗೊತ್ತಾಗಿದ್ದು ವಾಪಸ್ ಬರುವಾಗ ಮೆಟ್ರೋದಲ್ಲಿ.

ಒಳಗೆ ಹೋದರೆ ನಾವು ಕೂರೋದು ಈಸ್ಟ್ ಸ್ಟ್ಯಾಂಡಿನಲ್ಲಿ. ಎದುರುಗಡೆ ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನುವ ಅಭಿಮಾನಿಗಳ ಗುಂಪು, 90 ನಿಮಿಷವೂ ನಿಂತೇ ಇರುವವರು, ಡೋಲು ಬಾವುಟ ಎಲ್ಲಾ ಅವರದ್ದೇ. ಅವರು ಶುರು ಮಾಡಿದ್ದನ್ನ ನಾವು ಈಚೆಯಿಂದ ಎತ್ತಿಕೊಳ್ಳೋದು. ನಮ್ಮ ಕಡೆ ಸಂಸಾರಸ್ಥರು, ವಯಸ್ಸಾದವರು, ಸೊಂಟ ನೋವಿನವರು ಜಾಸ್ತಿ.

ಅಲ್ಲಿ ನನ್ನ ಪಕ್ಕದಲ್ಲಿ ಯಾವಾಗಲೂ ಒಬ್ಬ ಯಜಮಾನರು ಕೂರುತ್ತಿದ್ದರು. ಟಿಕೆಟ್ಟಿನಲ್ಲಿ ಸೀಟಿನ ನಂಬರು ಏನೇ ಇರಲಿ, ಆ ಮೆಟ್ಟಿಲ ಪಕ್ಕದ ಜಾಗವೇ ಅವರದ್ದು. ದೂರವಾಣಿನಗರದ ಕಡೆಯವರು, ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಐಟಿಐ, ಎಚ್‌ಎಎಲ್ ತಂಡಗಳು ಜೋರಾಗಿದ್ದ ಕಾಲದ ಆಟ ನೋಡಿದವರು. ಕಡ್ಲೇಕಾಯಿ ಹೇಗೋ ಒಳಗೆ ತರುತ್ತಿದ್ದರು, ಅಷ್ಟೆಲ್ಲಾ ತಪಾಸಣೆ ದಾಟಿ ಅದು ಹೇಗೆ ಬರುತ್ತಿತ್ತು ಅಂತ ಇವತ್ತಿಗೂ ಗೊತ್ತಿಲ್ಲ. ಐದಾರು ವರ್ಷ ಪಕ್ಕಪಕ್ಕ ಕೂತಿದ್ದೇವೆ. ಗೋಲ್ ಆದಾಗ ನನ್ನ ತಲೆಗೆ ಕೈ ಇಟ್ಟು ಮೊಟಕಿದ್ದಾರೆ. ಆದರೆ ಅವರ ಹೆಸರು ನನಗೆ ಗೊತ್ತಿಲ್ಲ. ಫೋನ್ ನಂಬರೂ ಇಲ್ಲ. ಮೈದಾನದ ಪರಿಚಯ ಅಂದರೆ ಹಾಗೇ, ಗೇಟಿನ ಹೊರಗೆ ಅದು ಇರುವುದೇ ಇಲ್ಲ.

ಆ ಎರಡೂವರೆ ವರ್ಷದಲ್ಲಿ ಎಷ್ಟೋ ಸಲ ಅವರ ಯೋಚನೆ ಬಂದಿದೆ. 2021ರ ಏಪ್ರಿಲ್ ಮೇ ತಿಂಗಳಲ್ಲಂತೂ. ಆದರೆ ಯಾರನ್ನ ಕೇಳೋದು? 'ಈಸ್ಟ್ ಸ್ಟ್ಯಾಂಡಿನ ಕಡ್ಲೇಕಾಯಿ ತಾತ ಹೇಗಿದ್ದಾರೆ' ಅಂತ ಯಾರಿಗೆ ಫೋನ್ ಮಾಡೋದು? ನಿಮಗೂ ಇಂಥವರು ಇರುತ್ತಾರೆ, ಯೋಚಿಸಿ. ದಿನಾ ಅದೇ ಬಸ್ಸಿನಲ್ಲಿ ಬರುವವರು, ಪಾರ್ಕಿನಲ್ಲಿ ಎದುರಾಗುವವರು.

ಮೆಟ್ಟಿಲು ಹತ್ತುವಾಗ ಮೊದಲು ನೋಡಿದ್ದು ಮೈದಾನವನ್ನಲ್ಲ, ಆ ಜಾಗವನ್ನ. ಇದ್ದರು. ಸ್ವಲ್ಪ ಇಳಿದುಹೋಗಿದ್ದರು, ಹೊಸದಾಗಿ ಒಂದು ಊರುಗೋಲು ಬಂದಿತ್ತು. ನನ್ನ ಕಣ್ಣಲ್ಲಿ ನೀರು ಬಂದೇಬಿಟ್ಟಿತ್ತು. ಅವರು ನನ್ನನ್ನ ನೋಡಿ, ಹೋದ ವಾರ ತಾನೇ ಸಿಕ್ಕಿದ್ದವರ ಥರ, 'ಏನಮ್ಮಾ ಇಷ್ಟು ಹೊತ್ತಿಗೆ ಬರೋದಾ? ವಾರ್ಮಪ್ ಮುಗೀತು' ಅಂದರು. ಆಮೇಲೆ ಮಗಳ ಕಡೆ ತಿರುಗಿ, 'ಇವಳು ಅವತ್ತು ನಿದ್ದೆ ಮಾಡಿದವಳಲ್ವಾ?' ಅಂದರು. ನಿಜ. 2020ರ ಆ ಪಂದ್ಯಕ್ಕೆ ಅವಳನ್ನ ಕರೆತಂದಿದ್ದೆ, ಐದು ವರ್ಷದವಳು, ಅಷ್ಟು ಗದ್ದಲದಲ್ಲಿ ನನ್ನ ತೊಡೆ ಮೇಲೆ ಮಲಗಿಬಿಟ್ಟಿದ್ದಳು. ಅವರಿಗೆ ಅದು ನೆನಪಿತ್ತು.

ಆಟದ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಮೂರು ವಾರದ ಹಿಂದೆ ತಂಡ ಕೋಲ್ಕತ್ತಾದಲ್ಲಿ ಮುಂಬೈಯನ್ನ 2-1 ಸೋಲಿಸಿ ಡ್ಯುರಾಂಡ್ ಕಪ್ ಗೆದ್ದು ಬಂದಿತ್ತು, ಎಲ್ಲರಿಗೂ ಆಸೆ ಜಾಸ್ತಿ. ಹೊಸ ಕೋಚ್ ಸೈಮನ್ ಗ್ರೇಸನ್. ನಾವು ಎದುರಾಳಿ ಅಂತ ಬಾಯ್ತುಂಬ ಬೈದಿದ್ದ ಸಂದೇಶ್ ಜಿಂಗನ್ ಈಗ ನಮ್ಮ ನೀಲಿಯಲ್ಲಿ. ಇನ್ನೂ ತಮಾಷೆ, ಫಿಜಿಯ ರಾಯ್ ಕೃಷ್ಣ. 2020ರಲ್ಲಿ ಕೋಲ್ಕತ್ತಾದಲ್ಲಿ ನಮ್ಮನ್ನ ಹೊರಗಟ್ಟಿದ ಆ 3-1ರಲ್ಲಿ ಒಂದು ಗೋಲ್ ಅವರದ್ದೇ. ಈಗ ಅವರ ಹೆಸರನ್ನೇ ಕೂಗಬೇಕು. ಯಜಮಾನರು ಮೊದಲ ಹತ್ತು ನಿಮಿಷ ಬಾಯಿ ಬಿಡಲಿಲ್ಲ. 'ಇನ್ನೂ ಮನಸ್ಸು ಒಪ್ಪಲ್ಲಮ್ಮ' ಅಂದರು.

ಗೋಲ್ ಬರಲಿಲ್ಲ. ಅರ್ಧ ಆಟ ಮುಗಿಯಿತು, ಬರಲಿಲ್ಲ. ಎಪ್ಪತ್ತನೇ ನಿಮಿಷ, ಬರಲಿಲ್ಲ. ಜನ ಬೈಯೋಕೆ ಶುರು ಮಾಡಿದರು, ಅದನ್ನ ಕೇಳಿ ನನಗೆ ಎಂಥಾ ಸಮಾಧಾನ ಗೊತ್ತಾ? ಟಿವಿಯ ರೆಕಾರ್ಡಿನಲ್ಲಿ ಯಾರೂ ಬೈಯುತ್ತಿರಲಿಲ್ಲ.

ಇನ್ನು ಯಜಮಾನರ ಒಂದು ಪದ್ಧತಿ ಹೇಳಬೇಕು. 85ನೇ ನಿಮಿಷಕ್ಕೆ ಸರಿಯಾಗಿ ಏಳುತ್ತಾರೆ. ಪಂದ್ಯ ಮುಗಿದರೆ ಜನ ನುಗ್ಗುತ್ತಾರೆ, ಬಸ್ಸು ಸಿಗಲ್ಲ, ಅದಕ್ಕೆ. ಸೆಮಿಫೈನಲ್ ಇರಲಿ, ಏನೇ ಇರಲಿ. ಅವತ್ತೂ ಎದ್ದರು. ಈಗ ಊರುಗೋಲು ಬೇರೆ. ಮಗಳ ಅಂಗೈಗೆ ಉಳಿದ ಕಡ್ಲೇಕಾಯಿ ಸುರಿದು, 'ಇವತ್ತು ಇಷ್ಟೇ ಕಣಮ್ಮ, ಸೊನ್ನೆ ಸೊನ್ನೆ' ಅಂತ ಹೇಳಿ ಇಳಿದು ಹೋದರು.

87ನೇ ನಿಮಿಷಕ್ಕೆ ನಮ್ಮ ಅಲನ್ ಕೋಸ್ಟಾ ಎಗರಿ ಚೆಂಡಿಗೆ ತಲೆ ಕೊಟ್ಟರು. ಗೋಲ್.

ಆ ಕ್ಷಣ ಹೇಗಿತ್ತು ಅಂತ ನನ್ನನ್ನ ಕೇಳಬೇಡಿ, ನಾನು ಚೆಂಡು ಒಳಗೆ ಹೋಗಿದ್ದು ನೋಡಲಿಲ್ಲ. ಮುಂದಿನ ಸಾಲಿನವರೆಲ್ಲಾ ಎದ್ದಿದ್ದರು. ನಾನು ನೋಡಿದ್ದು ಮಗಳನ್ನ. ಎರಡೂ ಕಿವಿ ಮುಚ್ಚಿಕೊಂಡು, ಬಾಯಿ ಮಾತ್ರ ಇಷ್ಟಗಲ ತೆರೆದು ಅವಳೂ ಕಿರುಚುತ್ತಿದ್ದಳು. ಕೈಲಿದ್ದ ಕಡ್ಲೇಕಾಯಿ ಎಲ್ಲಾ ಕೆಳಗೆ. ಸಿಮೆಂಟಿನ ಮೆಟ್ಟಿಲು ಕಾಲಡಿ ನಡುಗುತ್ತಿತ್ತು, ಇದು ಉತ್ಪ್ರೇಕ್ಷೆ ಅಲ್ಲ.

ಇನ್ನೂ ಮುಗಿದಿಲ್ಲ. ಕೊನೆಗಳಿಗೆಯಲ್ಲಿ ನಾರ್ತ್‌ಈಸ್ಟ್‌ನವರು ಚೆಂಡನ್ನ ನಮ್ಮ ಬಲೆಗೆ ಹಾಕಿಬಿಟ್ಟರು. 1-1 ಅಂತ ಎಲ್ಲರೂ ತಲೆ ಮೇಲೆ ಕೈ ಹೊತ್ತೆವು. ಆಮೇಲೆ ನೋಡಿದರೆ ಆಫ್‌ಸೈಡ್, ಗೋಲ್ ಇಲ್ಲ. ಮತ್ತೆ ಅದೇ ಸದ್ದು, ಮೊದಲಿನದಕ್ಕಿಂತ ಜೋರು. ನಾವು ಗೋಲ್ ಹೊಡೆದದ್ದಕ್ಕಿಂತ ಅವರ ಗೋಲ್ ರದ್ದಾದ ಖುಷಿ ಜಾಸ್ತಿ, ಅದು ಯಾಕೆ ಹಾಗೆ ಅಂತ ಯಾರಾದರೂ ಬಲ್ಲವರು ಹೇಳಬೇಕು. 1-0 ಗೆದ್ದೆವು. ಆಟಗಾರರು ಬಂದು ನಿಂತರು, ಐಸ್‌ಲ್ಯಾಂಡ್ ಅಭಿಮಾನಿಗಳಿಂದ ಜಗತ್ತೆಲ್ಲಾ ಕಲಿತ ಆ ನಿಧಾನದ ಚಪ್ಪಾಳೆ ಆಯಿತು. ಮಗಳಿಗೆ ತಾಳ ಸಿಗಲಿಲ್ಲ, ಪ್ರತಿ ಸಲ ಒಂದು ಚಪ್ಪಾಳೆ ಮುಂದೆ ಇದ್ದಳು.

ಮುಂದಿನ ತವರಿನ ಪಂದ್ಯ ನವೆಂಬರ್ 11ಕ್ಕೆ, ಈಸ್ಟ್ ಬೆಂಗಾಲ್ ಜೊತೆ. ನಾವು ಹೋಗುವಷ್ಟರಲ್ಲಿ ಯಜಮಾನರು ತಮ್ಮ ಜಾಗದಲ್ಲಿ ಇದ್ದರು. ಮಗಳೇ ಮೊದಲು ಕೇಳಿದಳು, 'ತಾತ, ನೀವು ಅವತ್ತು ಗೋಲ್ ನೋಡಲೇ ಇಲ್ಲ ಅಲ್ವಾ?'

'ಕೇಳಿಸ್ತು ಕಣಮ್ಮ,' ಅಂದರು. 'ಗೇಟ್ ದಾಟಿದ್ದೆ, ಒಂದು ಕೇಳಿಸ್ತು. ಕಸ್ತೂರ್‌ಬಾ ರಸ್ತೆಗೆ ಬಂದೆ, ಇನ್ನೊಂದು ಕೇಳಿಸ್ತು. ಎರಡು ಸೊನ್ನೆ ಗೆದ್ವಿ ಅಂತ ಬಸ್ಸಲ್ಲೆಲ್ಲಾ ಹೇಳ್ಕೊಂಡು ಹೋದೆ. ಬೆಳಿಗ್ಗೆ ಪೇಪರ್ ನೋಡಿದ್ರೆ ಒಂದೇ ಅಂತ ಹಾಕವ್ರೆ. ತಪ್ಪು ಪ್ರಿಂಟ್ ಆಗಿದೆ ಅಂತ ಮಗನ ಜೊತೆ ಜಗಳ ಆಡಿದೀನಿ.'

ಆ ಪಂದ್ಯಕ್ಕೆ ಅವರು ಕೊನೆವರೆಗೂ ಕೂತರು. ನಾನು ನೋಡಿದ ಹಾಗೆ ಅದೇ ಮೊದಲ ಸಲ. 85 ಆಯಿತು, ಗಡಿಯಾರ ನೋಡಿಕೊಂಡರು, ಊರುಗೋಲು ಹಿಡಿದರು, ಮತ್ತೆ ಪಕ್ಕಕ್ಕೆ ಇಟ್ಟರು. ನಾವು 1-0 ಸೋತೆವು. ಗೋಲ್ ಹೊಡೆದವರು ಕ್ಲೈಟನ್ ಸಿಲ್ವಾ, ಮುಂಚೆ ನಮ್ಮಲ್ಲೇ ಆಡುತ್ತಿದ್ದವರು. ಜನ ನುಗ್ಗುವ ಹೊತ್ತಿಗೆ ಮೆಟ್ಟಿಲು ಇಳಿಯುತ್ತಾ ಯಜಮಾನರು ಮಗಳಿಗೆ ಹೇಳಿದರು, 'ನೋಡ್ದಾ? ನಾನು ಬೇಗ ಹೋಗೋದು ಸುಮ್ನೆ ಅಲ್ಲ.'

ಹೆಸರು ಅವತ್ತೂ ಕೇಳಲಿಲ್ಲ. ಮಗಳು ಮಾತ್ರ, ಒಳಗೆ ಹೇಗೋ ಸಾಗಿಸಿ ತಂದಿದ್ದ ಒಂದು ಐದು ರೂಪಾಯಿ ನಾಣ್ಯವನ್ನ ಬಸ್ಸಿಗೆ ಇರಲಿ ಅಂತ ಅವರ ಕೈಗೆ ಕೊಟ್ಟಳು.